ಅಡಿಕೆಯ ಸೊಕ್ಕು, ಮದ್ದಿನ ಗುಟ್ಟು

ವೇಣೂರೆಂದೊಡನೆ ನಮ್ಮ ವಾಚಕರಲ್ಲಿ ಹೆಚ್ಚಿನವರಿಗೆ ಫಲ್ಗುಣಿ ನದಿಯ ದಡದಲ್ಲಿ ನಿಂತಿರುವ ಬಾಹುಬಲಿ ಸ್ವಾಮಿಯ ಸ್ಮರಣೆಯಾಗುವುದು. ಅಜಿಲ ವಂಶದ ಅರಸನಾದ ತಿಮ್ಮಣ್ಣನು ೧೬೦೪ರಲ್ಲಿ ನಿಲ್ಲಿಸಿದ ಆ ಏಕಶಿಲಾ ಮೂರ್ತಿಗೆ ಹನ್ನೆರಡು ವರ್ಷಗಳಿಗೊಮ್ಮೆ ಮಹಾಮಸ್ತಕಾಭಿಷೇಕವು ನಡೆಯುವುದು ವಾಡಿಕೆ, ೨೦೨೪ರಲ್ಲಿಯೂ ನಡೆಯಿತು. ಆದರೆ ನಾವು ಈ ತಿಂಗಳು ಹೇಳಹೊರಟಿರುವುದು ಆ ಮೂರ್ತಿಯ ವಿಷಯವನ್ನಲ್ಲ. ಅಲ್ಲಿಂದ ಮೂಡಬಿದಿರೆಯ ಕಡೆಗಾಗಲಿ, ಬೆಳ್ತಂಗಡಿಯ ಕಡೆಗಾಗಲಿ ಹೋಗುವವರಿಗೆ ದಾರಿಯುದ್ದಕ್ಕೂ ಕಾಣಸಿಗುವ ಕಂಗಿನ ತೋಟಗಳ ವಿಷಯವನ್ನು. ಅದರಲ್ಲಿಯೂ ಆ ಮರದ ಕಾಯಿಯೊಳಗೆ ಅಡಗಿರುವ ಒಂದು ಸಣ್ಣ ದ್ರವ್ಯವು ನಮ್ಮ ದೇಹದೊಳಗೆ ಏನು ಮಾಡುತ್ತದೆ, ಅದನ್ನು ಅರಿಯುವ ಪ್ರಯತ್ನದಿಂದ ವೈದ್ಯಶಾಸ್ತ್ರಕ್ಕೆ ಏನು ದೊರಕಿತು, ನಮ್ಮ ಮನೆಗಳಿಗೆ ಏನು ಎಚ್ಚರಿಕೆ ದೊರಕಿತು ಎಂಬುದನ್ನು.

ಅಡಿಕೆಯನ್ನು ಅಭ್ಯಾಸವಿಲ್ಲದವನು ಬಾಯಿಗೆ ಹಾಕಿಕೊಂಡರೆ ಏನಾಗುವುದೆಂಬುದು ನಮ್ಮ ಹಳ್ಳಿಗಳಲ್ಲಿ ಯಾರಿಗೂ ಹೊಸತಲ್ಲ. ಬಾಯಲ್ಲಿ ನೀರೂರುವುದು, ಮೈ ಬೆಚ್ಚಗಾಗುವುದು, ಹಣೆಯಲ್ಲಿ ಬೆವರೊಡೆಯುವುದು, ತಲೆ ಸುತ್ತುವುದು. ‘ಅಡಿಕೆ ಸೊಕ್ಕಿತು’ ಎಂದು ಹಿರಿಯರು ನಕ್ಕು, ಕುಡಿಯಲು ನೀರು ಕೊಟ್ಟು ಕುಳ್ಳಿರಿಸುವರು. ಹಾಗೆ ಸೊಕ್ಕುವ ಅಡಿಕೆಗೆ ‘ಸೊಕ್ಕಡಿಕೆ’ ಎಂಬ ಹೆಸರೇ ಉಂಟು. ಆದರೆ ವಿಚಾರಮಾಡಿ ನೋಡಿದರೆ ಇದೊಂದು ಸೋಜಿಗದ ಸಂಗತಿಯಲ್ಲವೆ? ಬಾಯಲ್ಲಿ ಜಗಿದದ್ದು ಒಂದು ಕಾಯಿಯ ಚೂರು. ಅದು ಹಣೆಯ ಬೆವರನ್ನು ಹೇಗೆ ಹೊರಡಿಸಿತು? ತಲೆಯನ್ನು ಹೇಗೆ ಸುತ್ತಿಸಿತು? ಈ ಪ್ರಶ್ನೆಗೆ ಉತ್ತರವನ್ನು ಹುಡುಕಿದರೆ ಇಂದಿನ ಔಷಧಶಾಸ್ತ್ರದ ಬುಡಕ್ಕೇ ಹೋಗಿ ಮುಟ್ಟುವೆವು.

ಗ್ರಾಹಕವೆಂದರೇನು?

ನಮ್ಮ ದೇಹವು ಕೋಟ್ಯಂತರ ಜೀವಕೋಶಗಳ ಸಂಸಾರ. ಒಂದು ಕೋಶವು ಇನ್ನೊಂದಕ್ಕೆ ಸುದ್ದಿ ಮುಟ್ಟಿಸಬೇಕಾದರೆ ಒಂದು ರಸದ್ರವ್ಯವನ್ನು ಕಳುಹಿಸುವುದು. ಆ ದ್ರವ್ಯವು ಬಂದು ತಟ್ಟುವುದಕ್ಕೆ ಎದುರಿನ ಕೋಶದ ಹೊರಮೈಯಲ್ಲಿ ತಕ್ಕ ಅಚ್ಚಿನ ಒಂದು ಸ್ಥಾನವಿರುವುದು. ಇದನ್ನೇ ವಿಜ್ಞಾನಿಗಳು ‘ರಿಸೆಪ್ಟರ್’ ಎನ್ನುವರು; ನಾವು ಗ್ರಾಹಕವೆಂದು ಕರೆಯೋಣ. ಬೀಗಕ್ಕೆ ಅದರದೇ ಕೀಲಿಕೈ ಇರುವಂತೆ ಒಂದೊಂದು ಗ್ರಾಹಕಕ್ಕೆ ಅದರದೇ ದ್ರವ್ಯವುಂಟು. ಕೈ ಹೊಕ್ಕು ತಿರುಗಿದರೆ ಬೀಗ ತೆರೆಯುವುದು. ಕೋಶದೊಳಗೆ ಕೆಲಸ ಮೊದಲಾಗುವುದು.

ಹೊರಗಿನಿಂದ ಬಂದ ಔಷಧವಾಗಲಿ, ವಿಷವಾಗಲಿ, ಗಿಡಮೂಲಿಕೆಯ ಸತ್ತ್ವವಾಗಲಿ ಆ ಕೀಲಿಕೈಯ ಹಾಗೆಯೇ ರೂಪವುಳ್ಳದ್ದಾಗಿ, ಬೀಗವನ್ನು ಹೊಕ್ಕು ತಿರುಗಿಸಬಲ್ಲದಾದರೆ ಅದನ್ನು ‘ಅಗೊನಿಸ್ಟ್’ ಎನ್ನುವರು. ನಮ್ಮ ಮಾತಿನಲ್ಲಿ ಅದು ಪ್ರಚೋದಕ. ಬೀಗದೊಳಗೆ ಹೊಕ್ಕರೂ ತಿರುಗಲಾರದೆ, ನಿಜವಾದ ಕೈಗೂ ಎಡೆಗೊಡದೆ ಕುಳಿತುಬಿಡುವ ದ್ರವ್ಯವು ಪ್ರತಿಬಂಧಕ. ಔಷಧದ ಅಂಗಡಿಯಲ್ಲಿ ದೊರೆಯುವ ಮದ್ದುಗಳಲ್ಲಿ ಬಹು ದೊಡ್ಡ ಪಾಲು ಈ ಎರಡರಲ್ಲೊಂದು ಜಾತಿಗೆ ಸೇರಿದವು. ಉಬ್ಬಸದವರು ಸೇದುವ ಸಾಲ್ಬುಟಮಾಲ್ ಪ್ರಚೋದಕ. ಅದು ಶ್ವಾಸನಾಳದ ಸ್ನಾಯುಗಳಲ್ಲಿರುವ ಗ್ರಾಹಕವನ್ನು ತಟ್ಟಿ ನಾಳವನ್ನು ಸಡಿಲಿಸುವುದು. ರಕ್ತದೊತ್ತಡಕ್ಕೆ ಕೊಡುವ ಅಟೆನೊಲಾಲ್ ಪ್ರತಿಬಂಧಕ. ಅದು ಹೃದಯದ ಗ್ರಾಹಕವನ್ನು ಅಡ್ಡಗಟ್ಟಿ ಬಡಿತವನ್ನು ತಗ್ಗಿಸುವುದು.

ಗಿಳಿಗೇಕೆ ಖಾರವಿಲ್ಲ?

ಇದು ಪುಸ್ತಕದ ಮಾತೆಂದು ತೋರಿದರೆ ವಾಚಕರು ಅಡಿಗೆಮನೆಯತ್ತ ಒಮ್ಮೆ ನೋಡಬಹುದು. ಮೆಣಸಿನಕಾಯಿಯನ್ನು ಕಚ್ಚಿದವನು ‘ಬಾಯಿ ಉರಿಯಿತು’ ಎನ್ನುವನು. ಅಲ್ಲಿ ಬೆಂಕಿಯಿಲ್ಲ, ಆದರೂ ಉರಿಯೆಂಬುದು ಬರಿಯ ಉಪಮೆಯಲ್ಲ. ನಾಲಗೆಯ ನರಗಳ ತುದಿಯಲ್ಲಿ ಸುಮಾರು ೪೩ ಡಿಗ್ರಿ ಸೆಲ್ಸಿಯಸ್ಸಿಗೆ ಮೀರಿದ ಬಿಸಿಯನ್ನು ತಿಳಿಸುವ ಒಂದು ಗ್ರಾಹಕವಿದೆ. ಮೆಣಸಿನ ಖಾರವಾದ ಕ್ಯಾಪ್ಸೈಸಿನ್ ಆ ಗ್ರಾಹಕವನ್ನೇ ತಟ್ಟಿ ತೆರೆಯುವುದು. ಮಿದುಳಿಗೆ ಬಿಸಿ ತಗಲಿದ ಸುದ್ದಿಯೇ ಮುಟ್ಟುವುದು. ಅಮೇರಿಕದ ಡೇವಿಡ್ ಜೂಲಿಯಸ್ ಎಂಬ ವಿಜ್ಞಾನಿಯೂ ಅವರ ಸಂಗಡಿಗರೂ ಈ ಗ್ರಾಹಕವನ್ನು ೧೯೯೭ರಲ್ಲಿ ಗುರುತಿಸಿದರು. ಅವರಿಗೆ ೨೦೨೧ರ ನೊಬೆಲ್ ಬಹುಮಾನದಲ್ಲಿ ಪಾಲು ದೊರಕಿತು. ಕಂಗಿನ ಮರವನ್ನು ತಬ್ಬಿ ಬೆಳೆಯುವ ಒಳ್ಳೆಮೆಣಸಿನ ಖಾರವೂ ಅದೇ ಬಾಗಿಲನ್ನು ತಟ್ಟುವುದು.

ಇನ್ನೊಂದು ವಿನೋದವನ್ನು ನೋಡಿರಿ. ಗಿಳಿಯು ಹಣ್ಣುಮೆಣಸನ್ನು ಸುಖವಾಗಿ ತಿನ್ನುವುದನ್ನು ಎಲ್ಲರೂ ಬಲ್ಲರು. ಹಕ್ಕಿಗಳಲ್ಲಿಯೂ ಬಿಸಿಯನ್ನು ಅರಿಯುವ ಆ ಗ್ರಾಹಕವುಂಟು; ಆದರೆ ಅದರ ರಚನೆಯಲ್ಲಿ ಅಲ್ಪಸ್ವಲ್ಪ ವ್ಯತ್ಯಾಸವಿರುವುದರಿಂದ ಕ್ಯಾಪ್ಸೈಸಿನ್ ಅದನ್ನು ತಿರುಗಿಸಲಾರದು. ಮೆಣಸು ಅದೇ, ತಿನ್ನುವ ಬಾಯಿ ಬೇರೆ. ಆದುದರಿಂದ ಗುಣವು ದ್ರವ್ಯದಲ್ಲಿ ಮಾತ್ರವೇ ಇರುವುದಿಲ್ಲ, ದ್ರವ್ಯಕ್ಕೂ ಗ್ರಾಹಕಕ್ಕೂ ಆಗುವ ಕೂಟದಲ್ಲಿ ಇರುವುದು ಎಂಬುದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಮುಂದಿನ ಮಾತೆಲ್ಲ ಇದರ ಮೇಲೆಯೇ ನಿಂತಿದೆ.

ಈ ತತ್ತ್ವವು ಹೊಳೆದ ಬಗೆ

ಗ್ರಾಹಕವನ್ನು ಯಾರೂ ಕಣ್ಣಿನಿಂದ ಕಂಡು ನಂಬಲಿಲ್ಲ. ಮೊದಲು ಬುದ್ಧಿಯಿಂದ ಊಹಿಸಿದರು. ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿದ್ದ ಜಾನ್ ಲ್ಯಾಂಗ್ಲಿ ಎಂಬ ಪಂಡಿತರು ೧೯೦೫ರಲ್ಲಿ ಪ್ರಕಟಿಸಿದ ಪ್ರಯೋಗವು ಬಹು ಸ್ವಾರಸ್ಯವಾದುದು. ಹೊಗೆಸೊಪ್ಪಿನ ಸತ್ತ್ವವಾದ ನಿಕೋಟಿನನ್ನು ಕೊಟ್ಟಾಗ ಪ್ರಾಣಿಯ ಸ್ನಾಯುವು ಬಿಗಿಯುತ್ತಿತ್ತು. ಆ ಸ್ನಾಯುವಿಗೆ ಹೋಗುವ ನರವನ್ನು ಕತ್ತರಿಸಿ ಅದು ನಶಿಸಿಹೋದ ಮೇಲೆಯೂ ಬಿಗಿಯುತ್ತಿತ್ತು. ಹಾಗಾದರೆ ನಿಕೋಟಿನ್ ನರದ ಮೂಲಕ ಕೆಲಸ ಮಾಡುತ್ತಿರಲಿಲ್ಲ. ಬಳಿಕ ಅವರು ಕ್ಯುರಾರೆ ಎಂಬ ಬಾಣದ ವಿಷವನ್ನು ಕೊಟ್ಟರು. ನಿಕೋಟಿನಿನ ಆಟ ನಿಂತಿತು. ಆದರೆ ಅದೇ ಸ್ನಾಯುವಿಗೆ ನೇರವಾಗಿ ವಿದ್ಯುತ್ತನ್ನು ಮುಟ್ಟಿಸಿದರೆ ಎಂದಿನಂತೆ ಬಿಗಿಯಿತು. ಎಂದರೆ ಬಿಗಿಯುವ ಶಕ್ತಿಯು ಕೆಟ್ಟಿರಲಿಲ್ಲ. ನರವೂ ಅಲ್ಲದ, ಬಿಗಿಯುವ ಅಂಶವೂ ಅಲ್ಲದ ಮೂರನೆಯದೊಂದು ನಡುವೆ ಇರಲೇಬೇಕು. ನಿಕೋಟಿನ್, ಕ್ಯುರಾರೆ ಎರಡೂ ಅದಕ್ಕೆ ಅಂಟಿಕೊಳ್ಳುತ್ತವೆ ಎಂದು ಲ್ಯಾಂಗ್ಲಿಯವರು ತೀರ್ಮಾನಿಸಿದರು. ಆ ಮೂರನೆಯದೇ ನಮ್ಮ ಗ್ರಾಹಕ.

ಅನಂತರ ೧೯೧೪ರಲ್ಲಿ ಹೆನ್ರಿ ಡೇಲ್ ಎಂಬವರು ಅಸಿಟೈಲ್‌ಕೋಲಿನ್ ಎಂಬ ದ್ರವ್ಯಕ್ಕೆ ಎರಡು ಮುಖಗಳಿರುವುದನ್ನು ತೋರಿಸಿದರು. ಒಂದು ಕಡೆ ಅದು ವಿಷದ ಅಣಬೆಯಲ್ಲಿರುವ ಮಸ್ಕರೀನಿನಂತೆ ವರ್ತಿಸುವುದು. ಇನ್ನೊಂದು ಕಡೆ ನಿಕೋಟಿನಿನಂತೆ. ೧೯೨೧ರಲ್ಲಿ ಆಟೊ ಲೋವಿಯವರು ಎರಡು ಕಪ್ಪೆಗಳ ಹೃದಯಗಳನ್ನಿಟ್ಟುಕೊಂಡು ಪ್ರಯೋಗಮಾಡಿದರು. ಒಂದು ಹೃದಯವನ್ನು ನರದ ಮೂಲಕ ನಿಧಾನಗೊಳಿಸಿ, ಅದನ್ನು ತೋಯಿಸಿದ್ದ ದ್ರವವನ್ನು ಮತ್ತೊಂದಕ್ಕೆ ಎರೆದಾಗ ಅದೂ ನಿಧಾನವಾಯಿತು. ನರವು ಹೃದಯದೊಡನೆ ಮಾತನಾಡುವುದು ರಸದ ಮೂಲಕವೆಂದು ಹೀಗೆ ತಿಳಿಯಿತು. ಆ ರಸವು ಅಸಿಟೈಲ್‌ಕೋಲಿನ್ ಎಂದು ಮುಂದೆ ಖಚಿತವಾಯಿತು. ೧೯೩೬ರ ನೊಬೆಲ್ ಬಹುಮಾನವು ಈ ಇಬ್ಬರಿಗೂ ಸಂದಿತು. ಅಸಿಟೈಲ್‌ಕೋಲಿನಿನ ಗ್ರಾಹಕಗಳಿಗೆ ಇಂದಿಗೂ ಮಸ್ಕರೀನ್ ಗ್ರಾಹಕ, ನಿಕೋಟಿನ್ ಗ್ರಾಹಕ ಎಂಬ ಹೆಸರುಗಳೇ ನಿಂತಿವೆ.

ಕಾಯಿಯೊಳಗಿನ ಕೀಲಿಕೈ

ಈಗ ಅಡಿಕೆಗೆ ಬರೋಣ. ಪೋರ್ಚುಗೀಸರು ನಮ್ಮ ಕರಾವಳಿಗೆ ಬಂದಾಗ ಮಲಯಾಳದ ‘ಅಡಕ್ಕ’ ಎಂಬ ಮಾತನ್ನು ಕೇಳಿ ‘ಅರೆಕ’ ಎಂದರು. ಅದೇ ಹೆಸರು ಯುರೋಪಿನ ಶಾಸ್ತ್ರಗಳಿಗೂ ಹೋಯಿತು. ಜರ್ಮನಿಯ ಯಾನ್ಸ್ ಎಂಬ ರಸಾಯನಜ್ಞರು ೧೮೮೮ರಲ್ಲಿ ಅಡಿಕೆಯಿಂದ ಬೇರ್ಪಡಿಸಿದ ಮುಖ್ಯ ಕ್ಷಾರಸತ್ತ್ವಕ್ಕೆ ಅರೆಕೊಲಿನ್ ಎಂದು ಹೆಸರಾಯಿತು. ಒಣಗಿದ ಅಡಿಕೆಯಲ್ಲಿ ಇದು ಸಾಮಾನ್ಯವಾಗಿ ಶೇಕಡಾ ಒಂದರ ಒಳಗೇ ಇರುವುದು. ಅಡಿಕೆಯನ್ನು ನೀರಿನಲ್ಲಿ ಬೇಯಿಸಿದರೆ ಇನ್ನಷ್ಟು ಇಳಿಯುವುದು. ನಮ್ಮ ಕಡೆಯ ಚಾಲಿಯಾದರೋ ಬೇಯಿಸದೆ, ಅಂಗಳದ ಬಿಸಿಲಲ್ಲಿ ಒಣಗಿಸಿ ಸುಲಿದದ್ದು.

ಅರೆಕೊಲಿನಿನ ರೂಪವು ಅಸಿಟೈಲ್‌ಕೋಲಿನಿನ ರೂಪಕ್ಕೆ ಹತ್ತಿರವಾದುದು. ಆದುದರಿಂದ ಅದು ಮಸ್ಕರೀನ್ ಗ್ರಾಹಕಗಳ ಬೀಗವನ್ನು ಹೊಕ್ಕು ತಿರುಗಿಸುವುದು. ಈ ಗ್ರಾಹಕಗಳು ಎಲ್ಲೆಲ್ಲಿ ಇವೆಯೋ ಅಲ್ಲಲ್ಲಿ ಅದರ ಫಲವು ಕಾಣುವುದು. ಜೊಲ್ಲಿನ ಗ್ರಂಥಿಗಳಲ್ಲಿವೆ, ಬಾಯಲ್ಲಿ ನೀರೂರುವುದು. ಬೆವರಿನ ಗ್ರಂಥಿಗಳಲ್ಲಿವೆ, ಹಣೆ ಒದ್ದೆಯಾಗುವುದು. ಕರುಳಿನಲ್ಲಿವೆ, ಹೊಟ್ಟೆಯ ಚಲನೆ ಹೆಚ್ಚುವುದು. ಊಟವಾದ ಮೇಲೆ ತಾಂಬೂಲ ಹಾಕಿಕೊಂಡರೆ ಹಗುರವೆನಿಸುತ್ತದೆ ಎಂಬ ಮಾತಿಗೆ ಇದೂ ಒಂದು ಕಾರಣವಾಗಿರಬಹುದು. ಶ್ವಾಸನಾಳದಲ್ಲಿಯೂ ಇವೆ, ಅಲ್ಲಿ ಅವು ನಾಳವನ್ನು ಬಿಗಿಗೊಳಿಸುವುವು. ಅರೆಕೊಲಿನ್ ರಕ್ತದಿಂದ ಮಿದುಳಿಗೂ ದಾಟಬಲ್ಲುದು. ಅಲ್ಲಿಯೂ ಇದೇ ಗ್ರಾಹಕಗಳುಂಟು. ಸೊಕ್ಕಿನ ಗುಟ್ಟು ಇಷ್ಟೇ.

ವೀಳ್ಯಕ್ಕೆ ಹಚ್ಚುವ ಸುಣ್ಣವೂ ಸುಮ್ಮನೆ ಇರುವುದಿಲ್ಲ. ಸುಣ್ಣವು ಬಾಯಿಯ ರಸವನ್ನು ಕ್ಷಾರವಾಗಿಸುವುದರಿಂದ ಅರೆಕೊಲಿನ್ ಕೆನ್ನೆಯ ಒಳಪೊರೆಯ ಮೂಲಕ ಬೇಗನೆ ರಕ್ತಕ್ಕಿಳಿಯುವುದು. ಅದರೊಂದಿಗೆ ಸುಣ್ಣವು ಅಡಿಕೆಯ ಸತ್ತ್ವಗಳನ್ನೇ ಸ್ವಲ್ಪ ಮಾರ್ಪಡಿಸುವುದು. ಹಾಗೆ ಹುಟ್ಟುವ ಒಂದು ದ್ರವ್ಯಕ್ಕೆ, ಅಡಿಕೆಯ ಸಂಸ್ಕೃತ ನಾಮವಾದ ‘ಗುವಾಕ’ದಿಂದ ಗುವಾಸಿನ್ ಎಂಬ ಹೆಸರು ಬಂದಿದೆ. ಈ ಗುವಾಸಿನಿನ ವರ್ತನೆ ಬೇರೆ ತೆರನಾದುದು. ಅದು ಯಾವ ಬೀಗವನ್ನೂ ತಾನೇ ತೆರೆಯುವುದಿಲ್ಲ. ನರಗಳನ್ನು ಶಾಂತಗೊಳಿಸುವ ಗಾಬಾ ಎಂಬ ರಸವನ್ನು ಕೆಲಸ ಮುಗಿದ ಮೇಲೆ ಹಿಂದಕ್ಕೆ ಹೀರಿಕೊಳ್ಳುವ ಏರ್ಪಾಟು ಮಿದುಳಿನಲ್ಲಿದೆ. ಗುವಾಸಿನ್ ಆ ಹೀರಿಕೆಯನ್ನು ತಡೆಯಬಲ್ಲುದೆಂದು ಪ್ರಯೋಗಶಾಲೆಗಳಲ್ಲಿ ಕಂಡಿದ್ದಾರೆ. ಮನೆಯ ಕೀಲಿಕೈಯೇ ಬಾಗಿಲಲ್ಲಿ ಹೆಚ್ಚು ಹೊತ್ತು ಉಳಿದಂತಾಯಿತು. ಹೀಗೆ ಗ್ರಾಹಕವನ್ನು ಎಚ್ಚರಿಸಲು ನೇರವಾದ ದಾರಿಯೂ ಉಂಟು, ಬಳಸುದಾರಿಯೂ ಉಂಟು.

ಹಿಡಿತವೂ ಕಸುವೂ

ಸಂಶೋಧಕರು ಪ್ರಚೋದಕವನ್ನು ಅಳೆಯುವಾಗ ಎರಡು ಗುಣಗಳನ್ನು ಬೇರೆಬೇರೆಯಾಗಿ ನೋಡುವರು. ಒಂದು, ಅದು ಗ್ರಾಹಕವನ್ನು ಎಷ್ಟು ಬಲವಾಗಿ ಹಿಡಿಯುತ್ತದೆ ಎಂಬುದು. ಇನ್ನೊಂದು, ಹಿಡಿದ ಮೇಲೆ ಎಷ್ಟು ಕೆಲಸವನ್ನು ಮಾಡಿಸುತ್ತದೆ ಎಂಬುದು. ಮೊದಲನೆಯದನ್ನು ಹಿಡಿತವೆಂದೂ ಎರಡನೆಯದನ್ನು ಕಸುವೆಂದೂ ಕರೆಯೋಣ. ಈ ಎರಡು ಒಂದೇ ಅಲ್ಲವೆಂಬುದನ್ನು ೧೯೫೪ರಲ್ಲಿ ಆರಿಯೆನ್ಸರೂ ೧೯೫೬ರಲ್ಲಿ ಸ್ಟೀಫನ್ಸನ್ನರೂ ಸ್ಪಷ್ಟಪಡಿಸಿದರು. ಹಿಡಿತ ಬಹಳವಿದ್ದು ಕಸುವೇ ಇಲ್ಲದ ದ್ರವ್ಯವು ಪ್ರತಿಬಂಧಕವಾಗುವುದು. ಹಿಡಿತವಿದ್ದು ಕಸುವು ಅರೆಬರೆಯಾದುದು ಅರೆಪ್ರಚೋದಕವಾಗುವುದು.

ಅಳೆಯುವ ಕ್ರಮವೂ ಸರಳವೇ. ಪ್ರಾಣಿಯ ಕರುಳಿನ ತುಂಡನ್ನು ಬೆಚ್ಚಗಿನ ಉಪ್ಪುನೀರಿನಲ್ಲಿ ತೂಗಹಾಕಿ, ದ್ರವ್ಯವನ್ನು ಸ್ವಲ್ಪ ಸ್ವಲ್ಪವಾಗಿ ಹೆಚ್ಚಿಸುತ್ತ ಹೋಗುವರು. ಪ್ರಮಾಣ ಹೆಚ್ಚಿದಂತೆ ಕರುಳು ಹೆಚ್ಚು ಬಿಗಿಯುವುದು; ಒಂದು ಮಟ್ಟಕ್ಕೆ ಮುಟ್ಟಿದ ಮೇಲೆ ಎಷ್ಟು ಸುರಿದರೂ ಅಷ್ಟೇ. ಆ ಪರಮಾವಧಿಯು ಕಸುವನ್ನು ತೋರಿಸುವುದು. ಅದರ ಅರ್ಧವನ್ನು ಪಡೆಯಲು ಎಷ್ಟು ಪ್ರಮಾಣ ಬೇಕಾಯಿತೆಂಬುದರಿಂದ ದ್ರವ್ಯದ ಬಲಾಬಲವು ಗೊತ್ತಾಗುವುದು. ಇಂದು ಕರುಳಿಗೆ ಬದಲಾಗಿ ಒಂದೇ ಬಗೆಯ ಗ್ರಾಹಕವುಳ್ಳ ಕೋಶಗಳನ್ನು ಗಾಜಿನ ಪಾತ್ರೆಯಲ್ಲಿ ಬೆಳೆಸಿ ಪರೀಕ್ಷಿಸುವುದುಂಟು. ಆದರೂ ಕೇಳುವ ಪ್ರಶ್ನೆಗಳು ಆ ಎರಡೇ.

ಅರೆಪ್ರಚೋದಕದ ಉಪಯೋಗವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಹೊಗೆಸೊಪ್ಪಿನ ಚಟವನ್ನು ಬಿಡಲು ವರೆನಿಕ್ಲಿನ್ ಎಂಬ ಮದ್ದಿಗೆ ಅಮೇರಿಕದಲ್ಲಿ ೨೦೦೬ರಲ್ಲಿ ಅನುಮತಿ ದೊರಕಿತು. ಅದು ನಿಕೋಟಿನ್ ಗ್ರಾಹಕವನ್ನು ಹಿಡಿದು ಅರ್ಧಮಾತ್ರ ತಿರುಗಿಸುವುದು. ಅಷ್ಟರಿಂದ ಮನಸ್ಸಿನ ತಹತಹವು ತಗ್ಗುವುದು. ಅದೇ ಹೊತ್ತಿಗೆ ಬೀಗದ ಕಂಡಿ ತುಂಬಿರುವುದರಿಂದ ಬೀಡಿ ಸೇದಿದರೂ ಮೊದಲಿನ ಸುಖ ದೊರೆಯದು. ಅರೆಕೊಲಿನ್ ಕೂಡ ಮಿದುಳಿನ ಅಂಥದೇ ನಿಕೋಟಿನ್ ಗ್ರಾಹಕಗಳ ಮೇಲೆ ಅರೆಪ್ರಚೋದಕವಾಗಿ ವರ್ತಿಸುವುದೆಂದು ಅಮೇರಿಕದ ಫ್ಲಾರಿಡಾ ವಿಶ್ವವಿದ್ಯಾನಿಲಯದ ಸಂಶೋಧಕರು ೨೦೧೫ರಲ್ಲಿ ತಿಳಿಸಿದರು. ಹೊಗೆಸೊಪ್ಪಿಲ್ಲದ ಬರಿಯ ಅಡಿಕೆಯೂ ಏಕೆ ಬಿಡಲಾಗದ ಚಟವಾಗುವುದೆಂಬುದಕ್ಕೆ ಇದರಲ್ಲಿ ಒಂದು ಸುಳಿವು ಸಿಕ್ಕಿತು.

ಪ್ರತಿಬಂಧಕಕ್ಕೆ ನಮ್ಮ ಬೇಲಿಯ ಬದಿಯ ಉಮ್ಮತ್ತದ ಗಿಡವೇ ಸಾಕ್ಷಿ. ಅದರ ವಿಷಸತ್ತ್ವಗಳಲ್ಲಿ ಒಂದಾದ ಅಟ್ರೊಪಿನ್ ಮಸ್ಕರೀನ್ ಗ್ರಾಹಕಗಳನ್ನು ಮುಚ್ಚಿಬಿಡುವುದು. ಅಡಿಕೆಯಿಂದ ಆಗುವುದೆಲ್ಲ ಅಲ್ಲಿ ತಲೆಕೆಳಗು: ಬಾಯಿ ಒಣಗುವುದು, ಬೆವರು ನಿಲ್ಲುವುದು, ಕಣ್ಣಿನ ಪಾಪೆ ಹಿಗ್ಗುವುದು, ಬುದ್ಧಿ ಭ್ರಮಿಸುವುದು. ಆದರೆ ಅದೇ ಅಟ್ರೊಪಿನ್ ಆಸ್ಪತ್ರೆಯಲ್ಲಿ ಪ್ರಾಣರಕ್ಷಕವೂ ಹೌದು. ಆರ್ಗನೊಫಾಸ್ಫೇಟ್ ಜಾತಿಯ ಕೀಟನಾಶಕವು ಮೈಗೆ ಸೇರಿದರೆ ಅಸಿಟೈಲ್‌ಕೋಲಿನನ್ನು ಕರಗಿಸುವ ಕಿಣ್ವವು ಕೆಟ್ಟು, ಆ ರಸವು ಮಿತಿಮೀರಿ ತುಂಬಿಕೊಳ್ಳುವುದು. ಆಗ ವೈದ್ಯರು ಮೊದಲು ಚುಚ್ಚುವುದು ಅಟ್ರೊಪಿನನ್ನೇ. ಬೆಳ್ತಂಗಡಿ ತಾಲೂಕಿನ ಕೊಕ್ಕಡದ ಸುತ್ತಮುತ್ತಲಿನ ಜನರೂ ಕಾಸರಗೋಡಿನ ಜನರೂ ಗೇರುತೋಟಗಳ ಮೇಲೆ ಸಿಂಪಡಿಸಿದ ಎಂಡೋಸಲ್ಫಾನಿನಿಂದ ಪಟ್ಟ ಪಾಡು ನಾಡಿಗೆಲ್ಲ ತಿಳಿದಿದೆ. ಆ ವಿಷವು ಬೇರೊಂದು ಜಾತಿಯದು. ಅದು ಶಾಂತಿಕಾರಕವಾದ ಗಾಬಾದ ಗ್ರಾಹಕವನ್ನು ಅಡ್ಡಗಟ್ಟುವುದು. ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ತಡೆಯಿತು. ಗ್ರಾಹಕಶಾಸ್ತ್ರವು ಬರಿಯ ಪ್ರಯೋಗಶಾಲೆಯ ವಿಷಯವಲ್ಲವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ನಿದರ್ಶನ ಬೇಡ.

ಅಡಿಕೆಯಿಂದ ಹುಟ್ಟಿದ ಮದ್ದು

ಮಸ್ಕರೀನ್ ಗ್ರಾಹಕಗಳು ಒಂದೇ ಬಗೆಯವಲ್ಲ. ಐದು ಬಗೆಯವು ಎಂದು ೧೯೮೦ರ ದಶಕದ ಕೊನೆಯ ವೇಳೆಗೆ ಗೊತ್ತಾಯಿತು. ಒಂದನೆಯದೂ ನಾಲ್ಕನೆಯದೂ ಮಿದುಳಿನಲ್ಲಿ ಹೇರಳವಾಗಿವೆ. ಎರಡನೆಯದು ಹೃದಯದಲ್ಲಿಯೂ ಮೂರನೆಯದು ಗ್ರಂಥಿಗಳಲ್ಲಿಯೂ ಕರುಳಿನಲ್ಲಿಯೂ ಮುಖ್ಯವಾದುವು. ಅರೆಕೊಲಿನ್ ಈ ಬಗೆಗಳಲ್ಲಿ ಆರಿಸಿ ತಟ್ಟುವುದಿಲ್ಲ. ಮೇಲಾಗಿ ರಕ್ತದಲ್ಲಿ ಬೇಗನೆ ಒಡೆದುಹೋಗುವುದು. ಮರೆವಿನ ರೋಗಕ್ಕೆ ಅದನ್ನು ಕೊಟ್ಟು ನೋಡಿದವರಿಗೆ ಈ ಎರಡು ದೋಷಗಳೂ ಅಡ್ಡಬಂದುವು.

ಆಗ ಅಮೇರಿಕದ ಈಲೈ ಲಿಲಿ, ಡೆನ್ಮಾರ್ಕಿನ ನೋವೊ ನಾರ್ಡಿಸ್ಕ್ ಎಂಬ ಸಂಸ್ಥೆಗಳ ರಸಾಯನಜ್ಞರು ಅರೆಕೊಲಿನಿನ ಉಂಗುರದಂಥ ಭಾಗವನ್ನು ಹಾಗೆಯೇ ಉಳಿಸಿಕೊಂಡರು. ಬೇಗ ಒಡೆಯುವ ಭಾಗವನ್ನು ತೆಗೆದು ಗಟ್ಟಿಯಾದ ಮತ್ತೊಂದನ್ನು ಜೋಡಿಸಿದರು. ಹೀಗೆ ಹುಟ್ಟಿದುದೇ ಕ್ಸಾನೊಮೆಲಿನ್. ಇದು ಒಂದನೆಯ, ನಾಲ್ಕನೆಯ ಗ್ರಾಹಕಗಳನ್ನು ಹೆಚ್ಚಾಗಿ ಎಚ್ಚರಿಸುವುದು. ಮರೆವಿನ ರೋಗವಾದ ಆಲ್ಝೈಮರ್ಸ್ ಉಳ್ಳವರ ಮೇಲೆ ನಡೆದ ಪರೀಕ್ಷೆಯ ವರದಿ ೧೯೯೭ರಲ್ಲಿ ಪ್ರಕಟವಾಯಿತು. ರೋಗಿಗಳ ಭ್ರಮೆ, ಇಲ್ಲದ್ದನ್ನು ಕಾಣುವುದು, ಶಂಕೆ ಮೊದಲಾದುವು ತಗ್ಗಿದುವು. ಆದರೆ ವಾಕರಿಕೆ, ವಾಂತಿ, ಬೆವರುಗಳ ಕಾಟವನ್ನು ತಾಳಲಾರದೆ ಬಹುಮಂದಿ ನಡುವೆಯೇ ಬಿಟ್ಟರು. ಸೊಕ್ಕಡಿಕೆಯ ಗುಣವು ಮಗಳಿಗೂ ಬಂದಿತ್ತು! ಮದ್ದು ಮೂಲೆಗೆ ಬಿದ್ದಿತು.

ಅದನ್ನು ಮೂಲೆಯಿಂದೆತ್ತಿದ ಯುಕ್ತಿಯು ನೆನಪಿನಲ್ಲಿಡತಕ್ಕದ್ದು. ಮಿದುಳಿನಲ್ಲಿ ಬೇಕಾದ ಫಲ, ಹೊಟ್ಟೆಯಲ್ಲಿ ಬೇಡವಾದ ಫಲ. ಎರಡಕ್ಕೂ ಕಾರಣ ಒಂದೇ ಜಾತಿಯ ಬೀಗಗಳು. ಹಾಗಾದರೆ ಮಿದುಳಿನ ಹೊರಗಿನ ಬೀಗಗಳನ್ನು ಮಾತ್ರ ಮುಚ್ಚಿದರೆ ಹೇಗೆ? ಟ್ರಾಸ್ಪಿಯಮ್ ಎಂಬ ಪ್ರತಿಬಂಧಕವು ಮೂತ್ರಕೋಶದ ತೊಂದರೆಗೆ ಮೊದಲೇ ಬಳಕೆಯಲ್ಲಿತ್ತು. ಅದು ರಕ್ತದಿಂದ ಮಿದುಳಿಗೆ ದಾಟುವುದಿಲ್ಲವೆಂದೇ ಹೇಳಬಹುದು. ಪ್ರಚೋದಕವನ್ನೂ ಈ ಪ್ರತಿಬಂಧಕವನ್ನೂ ಒಟ್ಟಿಗೆ ಕೊಟ್ಟರು. ಸ್ಕಿಜೊಫ್ರೇನಿಯ ಎಂಬ ಘೋರ ಮನೋರೋಗವುಳ್ಳ ೧೮೨ ಮಂದಿಯಲ್ಲಿ ಐದು ವಾರಗಳ ಕಾಲ ನಡೆದ ಪರೀಕ್ಷೆಯ ಫಲವು ೨೦೨೧ರಲ್ಲಿ ಪ್ರಕಟವಾಯಿತು. ಬರಿಯ ಹುಸಿಗುಳಿಗೆಯನ್ನು ನುಂಗಿದವರಿಗಿಂತ ಮದ್ದನ್ನು ನುಂಗಿದವರು ಸ್ಪಷ್ಟವಾಗಿ ಸುಧಾರಿಸಿದರು. ಇನ್ನೂ ದೊಡ್ಡ ಪರೀಕ್ಷೆಗಳಾದ ಬಳಿಕ ೨೦೨೪ರ ಸೆಪ್ಟೆಂಬರಿನಲ್ಲಿ ಅಮೇರಿಕದ ಸರಕಾರವು ಈ ಜೋಡಿ ಮದ್ದಿಗೆ ಅನುಮತಿಯಿತ್ತಿತು. ೧೯೫೦ರ ದಶಕದಿಂದ ಈ ರೋಗಕ್ಕೆ ಬಂದ ಮದ್ದುಗಳೆಲ್ಲ ಮುಖ್ಯವಾಗಿ ಡೋಪಮೀನ್ ಎಂಬ ರಸದ ಗ್ರಾಹಕವನ್ನು ಅಡ್ಡಗಟ್ಟುವವೇ ಆಗಿದ್ದುವು. ಅವುಗಳಿಂದ ಕೈಕಾಲು ನಡುಗುವುದು, ಮೈ ಬಿಗಿಯುವುದು, ಕೆಲವರಲ್ಲಿ ತೂಕ ಏರುವುದು ಮುಂತಾದ ಕಷ್ಟಗಳುಂಟು. ಬೇರೊಂದು ಬಾಗಿಲಿನಿಂದ ಒಳಹೊಕ್ಕ ಮೊದಲ ಮದ್ದು ಇದು. ಇದಕ್ಕೂ ವಾಕರಿಕೆ, ಮಲಬದ್ಧತೆ ಮೊದಲಾದ ದೋಷಗಳಿಲ್ಲದೆ ಇಲ್ಲ.

ಹಾಗಾದರೆ ಅಡಿಕೆ ಮದ್ದೆ?

ವಾಚಕರು ಇಲ್ಲಿ ಕೇಳಬಹುದು: ಅಡಿಕೆಯ ಸತ್ತ್ವದಿಂದ ಮದ್ದು ಹುಟ್ಟಿದ ಮೇಲೆ ಅಡಿಕೆ ಜಗಿಯುವುದು ಒಳ್ಳೆಯದಾಯಿತಲ್ಲವೆ? ಆಗಲಿಲ್ಲ. ಇದನ್ನು ನಾವು ಸ್ಪಷ್ಟವಾಗಿ ಹೇಳಬೇಕಾಗಿದೆ. ಮದ್ದನ್ನು ಮಾಡಿದವರು ಅಡಿಕೆಯನ್ನು ಕೊಡಲಿಲ್ಲ. ಅಡಿಕೆಯಿಂದ ದೂರ ಸರಿದು, ಅದರ ಒಂದು ಅಂಶವನ್ನು ಮಾರ್ಪಡಿಸಿ, ಉಳಿದ ಅಂಶಕ್ಕೂ ಇನ್ನೊಂದು ಮದ್ದಿನ ಕಾವಲನ್ನಿಟ್ಟು, ಗುಳಿಗೆಯಲ್ಲಿ ತೂಗಿ ಕೊಟ್ಟರು. ಜಗಿಯುವ ಅಡಿಕೆಯಲ್ಲಿ ಪ್ರಮಾಣವೆಂಬುದಿಲ್ಲ, ಕಾವಲೂ ಇಲ್ಲ. ಅದು ಗಂಟೆಗಟ್ಟಲೆ ಕೆನ್ನೆಯ ಒಳಪೊರೆಗೆ ಒತ್ತಿಕೊಂಡಿರುವುದು.

ಕ್ಯಾನ್ಸರನ್ನು ಕುರಿತು ಸಂಶೋಧಿಸುವ ಅಂತರರಾಷ್ಟ್ರೀಯ ಸಂಸ್ಥೆಯು ೧೯೮೫ರಲ್ಲಿ ಹೊಗೆಸೊಪ್ಪು ಸೇರಿದ ವೀಳ್ಯವನ್ನು ಕ್ಯಾನ್ಸರ್ ಕಾರಕವೆಂದು ಹೇಳಿತು. ೨೦೦೪ರಲ್ಲಿ ಪ್ರಕಟವಾದ ಸಂಪುಟದಲ್ಲಿ ಹೊಗೆಸೊಪ್ಪಿಲ್ಲದ ವೀಳ್ಯವನ್ನೂ ಅಡಿಕೆಯನ್ನೂ ಅದೇ ವರ್ಗಕ್ಕೆ ಸೇರಿಸಿತು. ಇಲ್ಲಿ ನಡೆಯುವ ಕೇಡು ಗ್ರಾಹಕಗಳಿಂದ ಮಾತ್ರ ಆಗುವುದಲ್ಲ. ಅಡಿಕೆಯ ಸತ್ತ್ವಗಳು ಬಾಯಿಯಲ್ಲಿಯೇ ನೈಟ್ರೊಸಮೀನ್ ಎಂಬ ಕೇಡಿನ ದ್ರವ್ಯಗಳಾಗಿ ಮಾರ್ಪಡಬಲ್ಲುವು. ಅರೆಕೊಲಿನ್ ಪೊರೆಯ ನಾರುಗಳನ್ನು ನೇಯುವ ಕೋಶಗಳನ್ನು ಕೆರಳಿಸುವುದು. ಅಡಿಕೆಯ ಒಗರೂ ಅದರಲ್ಲಿರುವ ತಾಮ್ರದ ಅಂಶವೂ ಆ ನಾರು ಕರಗದಂತೆ ಗಟ್ಟಿಮಾಡುವುವು. ಪೊರೆಯು ಬಿಗಿದು ಬಾಯಿ ತೆರೆಯಲಾಗದ ರೋಗವೊಂದು ಹೀಗೆ ಉಂಟಾಗುವುದು. ಕೆನ್ಯದಲ್ಲಿದ್ದ ಭಾರತೀಯ ಸ್ತ್ರೀಯರಲ್ಲಿ ಅದನ್ನು ಕಂಡು ಶ್ವಾರ್ಟ್ಜ್ ಎಂಬ ವೈದ್ಯರು ೧೯೫೨ರಲ್ಲಿ ವರ್ಣಿಸಿದರು. ಸಬ್‌ಮ್ಯೂಕಸ್ ಫೈಬ್ರೋಸಿಸ್ ಎಂದು ಅದರ ಹೆಸರು. ಕೆಲವರಲ್ಲಿ ಅದು ಮುಂದೆ ಕ್ಯಾನ್ಸರಿಗೆ ತಿರುಗುವುದು.

ಮನೆಯ ಹಿರಿಯರು ಈ ಕುರುಹುಗಳನ್ನು ತಿಳಿದಿರುವುದು ಒಳಿತು. ಎಂದಿನ ಸಾರಿನ ಖಾರವೇ ಬಾಯಿಗೆ ತಡೆಯದಂತೆ ಉರಿಯುವುದು. ಕೆನ್ನೆಯ ಒಳಭಾಗವು ಬಿಳಿಚಿ ಅಮೃತಶಿಲೆಯಂತೆ ಕಾಣುವುದು. ಬಾಯಿ ತೆರೆಯುವುದು ದಿನದಿನಕ್ಕೆ ಕಿರಿದಾಗುವುದು. ದೊಡ್ಡವರು ತಮ್ಮ ನಡುವಿನ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಮುಂದಿನ ಹಲ್ಲುಗಳ ನಡುವೆ ತೂರಿಸಲಾರದೆ ಹೋದರೆ ತಡಮಾಡದೆ ದಂತವೈದ್ಯರಿಗೆ ತೋರಿಸಬೇಕು. ವಾರಗಳು ಕಳೆದರೂ ಮಾಯದ ಹುಣ್ಣನ್ನೂ ಹಾಗೆಯೇ. ಉಬ್ಬಸದವರು ಅಡಿಕೆಯನ್ನು ದೂರವಿಡುವುದು ಮೇಲು. ಅವರು ಸೇದುವ ಮದ್ದು ನಾಳವನ್ನು ಸಡಿಲಿಸುತ್ತಿದ್ದರೆ ಅಡಿಕೆ ಬಿಗಿಯುತ್ತಿರುವುದು. ಮನೋರೋಗಕ್ಕೆ ಮದ್ದು ತೆಗೆದುಕೊಳ್ಳುವವರು ತಾಂಬೂಲದ ಅಭ್ಯಾಸವಿದ್ದರೆ ವೈದ್ಯರಿಗೆ ಮುಚ್ಚಿಡಬಾರದು. ನಡುಕವನ್ನು ತಡೆಯಲು ಕೊಡುವ ಮದ್ದುಗಳಲ್ಲಿ ಕೆಲವು ಮಸ್ಕರೀನ್ ಗ್ರಾಹಕದ ಪ್ರತಿಬಂಧಕಗಳು. ಹೆಚ್ಚು ಅಡಿಕೆ ಜಗಿದವರಲ್ಲಿ ಆ ಮದ್ದು ಸೋತು ಮೈ ಬಿಗಿದುಹೋದ ಪ್ರಸಂಗಗಳು ೧೯೮೯ರಲ್ಲಿಯೇ ವರದಿಯಾಗಿವೆ. ಬಸುರಿಯರಂತೂ ಜಗಿಯದಿರುವುದೇ ಲೇಸು.

ಬೆಳೆಗಾರನ ಮಾತು

ಇಷ್ಟನ್ನು ಹೇಳಿ ಸುಮ್ಮನಾದರೆ ಅನ್ಯಾಯವಾಗುವುದು. ಕಂಗಿನ ತೋಟವು ನಮ್ಮ ಜಿಲ್ಲೆಯ ಸಾವಿರಾರು ಸಂಸಾರಗಳ ಅನ್ನ. ಮಕ್ಕಳ ವಿದ್ಯಾಭ್ಯಾಸ, ಹೆಣ್ಣುಮಕ್ಕಳ ಮದುವೆ, ಮನೆಯ ಸಾಲ ಎಲ್ಲವೂ ಆ ಕೊನೆಗಳಿಗೆ ಜೋತುಬಿದ್ದಿವೆ. ವಿಟ್ಲದಲ್ಲಿ ೧೯೫೬ರಲ್ಲಿ ಅಡಿಕೆಯ ಸಂಶೋಧನಾಲಯವು ಸ್ಥಾಪಿತವಾಯಿತು. ಬೆಲೆ ಕುಸಿದು ಬೆಳೆಗಾರರು ಕಂಗೆಟ್ಟಿದ್ದ ಕಾಲದಲ್ಲಿ, ೧೯೭೩ರಲ್ಲಿ, ಮಂಗಳೂರಿನಲ್ಲಿ ಕ್ಯಾಂಪ್ಕೊ ಸಹಕಾರ ಸಂಸ್ಥೆಯು ಹುಟ್ಟಿತು. ಬೆಳೆಗಾರನು ಕ್ಯಾನ್ಸರಿನ ಮಾತನ್ನು ಕೇಳಿದಾಗ ಅವನಿಗೆ ನೋವಾಗುವುದು ಸಹಜ. ತಾಂಬೂಲ ಬೇರೆ, ಗುಟ್ಕಾ ಬೇರೆ ಎಂದು ಅವನು ವಾದಿಸುವನು. ಆ ವಾದದಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಹೊಗೆಸೊಪ್ಪು ಬೆರೆತಾಗ ಅಪಾಯವು ಬಹಳ ಹೆಚ್ಚುವುದು. ಕರ್ನಾಟಕ ಸರಕಾರವು ೨೦೧೩ರಲ್ಲಿ ಗುಟ್ಕಾವನ್ನು ನಿಷೇಧಿಸಿದುದು ಅದಕ್ಕಾಗಿಯೇ. ಹಬ್ಬಕ್ಕೊಮ್ಮೆ ಹಾಕಿಕೊಂಡ ವೀಳ್ಯಕ್ಕೂ ಬೆಳಗಿನಿಂದ ಇರುಳಿನವರೆಗೆ ಕೆನ್ನೆಯಲ್ಲಿಟ್ಟ ಅಡಿಕೆಗೂ ಅಂತರವುಂಟು. ಆದರೆ ಅಂತರವುಂಟೆಂಬುದು ನಿರ್ದೋಷವೆಂಬುದಕ್ಕೆ ಸಮವಲ್ಲ. ಬರಿಯ ಅಡಿಕೆಯ ಮೇಲಿನ ಆ ತೀರ್ಮಾನವನ್ನು ನೋವಾಗುವುದೆಂದು ಮರೆಮಾಚುವುದು ಬೆಳೆಗಾರನ ಮನೆಯವರಿಗೇ ಮಾಡಿದ ಅಪಚಾರ. ಏಕೆಂದರೆ ತೋಟದವನ ಕೆನ್ನೆಯೂ ಕೊಳ್ಳುವವನ ಕೆನ್ನೆಯೂ ಬೇರೆ ಅಲ್ಲ.

ನಮ್ಮಲ್ಲಿ ಅಡಿಕೆಗೆ ಜಗಿಯುವುದಕ್ಕಿಂತ ದೊಡ್ಡದಾದ ಸ್ಥಾನವೊಂದಿದೆ. ಮದುವೆಯ ನಿಶ್ಚಯವು ವೀಳ್ಯ ಕೊಟ್ಟರೆ ಆಯಿತು. ಗುರುಗಳಿಗೆ ದಕ್ಷಿಣೆ ಇಡುವುದು ತಾಂಬೂಲದ ಮೇಲೆ. ನಾಗನಿಗೂ ದೈವಕ್ಕೂ ಹಿಂಗಾರವಿಲ್ಲದೆ ಸೇವೆಯಿಲ್ಲ. ಇವುಗಳಲ್ಲಿ ಯಾವುದಕ್ಕೂ ಅಡಿಕೆಯನ್ನು ಹಲ್ಲಿನಿಂದ ಅರೆಯಬೇಕಾಗಿಲ್ಲ. ಕೊಡುವ ಕೈಯ ಗೌರವವನ್ನು ಉಳಿಸಿಕೊಂಡು ಜಗಿಯುವ ಬಾಯಿಯ ಚಟವನ್ನು ಬಿಡುವುದರಿಂದ ನಮ್ಮ ಸಂಪ್ರದಾಯಕ್ಕೆ ಕುಂದಿಲ್ಲ. ಒಂದೇ ಬೆಳೆಗೆ ಜೋತುಬಿದ್ದಿರುವ ತೋಟಗಳಲ್ಲಿ ಒಳ್ಳೆಮೆಣಸು, ಕೊಕ್ಕೊ, ಬಾಳೆ, ಜಾಯಿಕಾಯಿಗಳನ್ನು ಬೆರೆಸಿ ಬೆಳೆಯುವ ರೂಢಿಯು ಈಗಾಗಲೇ ಇರುವುದು. ಅದನ್ನು ಹೆಚ್ಚಿಸಿಕೊಳ್ಳುವುದು ದೂರದೃಷ್ಟಿಯ ಕೆಲಸ.

ಲ್ಯಾಂಗ್ಲಿಯವರು ಊಹಿಸಿದ ಆ ಮೂರನೆಯ ವಸ್ತುವಿನ ಆಕಾರವನ್ನು ಇಂದು ವಿಜ್ಞಾನಿಗಳು ಅಣುಅಣುವಾಗಿ ಚಿತ್ರಿಸಿದ್ದಾರೆ. ಇಂಥ ಗ್ರಾಹಕಗಳ ಅಭ್ಯಾಸಕ್ಕಾಗಿ ಲೆಫ್ಕೊವಿಟ್ಜ್, ಕೊಬಿಲ್ಕ ಎಂಬ ಇಬ್ಬರಿಗೆ ೨೦೧೨ರ ನೊಬೆಲ್ ಬಹುಮಾನವೂ ದೊರಕಿತು. ಬೀಗದ ಚಿತ್ರವು ಕೈಗೆ ಬಂದ ಮೇಲೆ ಹೊಸ ಕೀಲಿಕೈಗಳನ್ನು ಎರಕಹೊಯ್ಯುವ ಕೆಲಸವು ಜಗತ್ತಿನಲ್ಲೆಲ್ಲ ಸಾಗಿದೆ. ಅವುಗಳಲ್ಲೊಂದು ನಮ್ಮ ಅಂಗಳದಲ್ಲಿ ಒಣಗುವ ಕಾಯಿಯ ಅಚ್ಚಿನಿಂದಲೇ ಹುಟ್ಟಿತೆಂಬುದು ನಮಗೆ ಹೆಮ್ಮೆಯ ವಿಷಯ. ಅದೇ ಕಾಯಿಯನ್ನು ಅರಿಯದೆ ಜಗಿದರೆ ಬಾಯಿಯೇ ಬೀಗ ಬಿದ್ದಂತಾದೀತೆಂಬುದು ಎಚ್ಚರಿಕೆಯ ವಿಷಯ. ವಾಚಕರು ಈ ಎರಡನ್ನೂ ಮನೆಯ ಮಕ್ಕಳಿಗೆ ಒಟ್ಟಿಗೆ ತಿಳಿಯಹೇಳಬೇಕೆಂದು ಕೋರುತ್ತೇವೆ.